ಫೋನು, ಟಾರ್ಚು, ಮುರಿದ ಶಿಲುಬೆ: ನನ್ನ ಅನುಭವ

"ಕಾಗದದ ಮೇಲೆ ಅಚ್ಚು ತೆಗೆಯದೆ ಕಲ್ಲು ಓದೋಕಾಗಲ್ಲ ಮಾರಾಯ, ಸುಮ್ನೆ ದುಡ್ಡು ಹಾಳು" ಅಂದಿದ್ದರು ಊರಿನ ಇಬ್ಬರು ಶಾಸನ ಗೆಳೆಯರು. ಈಗ ಇಬ್ಬರೂ ಫೈಲ್ ಕಳಿಸು ಅಂತ ಕೇಳುತ್ತಿದ್ದಾರೆ. ಸವೆದ ಕಲ್ಲಿನ ಬರಹವನ್ನು ಅಚ್ಚು ತೆಗೆಯದೆ ಬರೀ ಫೋಟೋದಲ್ಲಿ ಎಬ್ಬಿಸಿದ್ದು ಹೇಗೆ ಅಂತ, ಅದಕ್ಕೇ ಬರೆಯುತ್ತಿದ್ದೇನೆ.

ಕಲ್ಲು ಇರುವುದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಸೇಂಟ್ ಕ್ಲಿಯರ್ ಹತ್ತಿರ, ರಸ್ತೆ ಪಕ್ಕದಲ್ಲೇ. ಕಿಂಗ್ ಡೋನಿಯರ್ಟ್ ಕಲ್ಲು ಅಂತಾರೆ. 9ನೇ ಶತಮಾನದ ಶಿಲುಬೆ ಕಂಬದ ಎರಡು ತುಂಡು, ಅಷ್ಟೇ. ತಲೆಯಿಲ್ಲ, ತೋಳಿಲ್ಲ. ಗಿಡ್ಡ ತುಂಡಿನ ನೆತ್ತಿಯಲ್ಲಿ ಮೇಲಿನ ಭಾಗ ಕೂರಿಸಲು ಕೊರೆದ ಗುಳಿಯಿದೆ. ಒಂದು ಮುಖದ ಮೇಲೆ ಲ್ಯಾಟಿನ್ ಬರಹ: "ಡೋನಿಯರ್ಟ್ ರೊಗಾವಿಟ್ ಪ್ರೊ ಅನಿಮಾ". ಡೋನಿಯರ್ಟ್ ಎಂಬಾತ ಆತ್ಮಕ್ಕಾಗಿ ಬೇಡಿಕೊಂಡ ಅಂತ. 875ರ ಸುಮಾರಿಗೆ ನೀರಲ್ಲಿ ಮುಳುಗಿ ಸತ್ತ ಕಾರ್ನ್‌ವಾಲ್ ರಾಜ ಡುಂಗಾರ್ತ್ ಇವನೇ ಅನ್ನುತ್ತಾರೆ. ಓದು ಹೊಸದಲ್ಲ. ಆದರೆ ಅಕ್ಷರಗಳು ನನ್ನ ಪರದೆ ಮೇಲೆ ಎದ್ದು ಬರಬೇಕಿತ್ತು.

ಕಾನೂನಿನ ರಕ್ಷಣೆ ಇರುವ ಕಲ್ಲು. ಮಸಿ, ಒದ್ದೆ ಕಾಗದ, ಸೀಮೆಸುಣ್ಣ ಏನೂ ಸೋಕಿಸುವಂತಿಲ್ಲ. ಹಾಗಾಗಿ ಬರೀ ಫೋಟೋ.

ಮೊದಲ ಸಲ ಹೋಗಿದ್ದು ಜುಲೈನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ 140 ಫೋಟೋ ಹೊಡೆದೆ. ಮನೆಗೆ ಬಂದು ಸಾಫ್ಟ್‌ವೇರಿನಲ್ಲಿ ಅವನ್ನೆಲ್ಲ ಜೋಡಿಸಿ ಕಲ್ಲಿನ 3D ಆಕಾರ ಮಾಡಿದರೆ ಮಳೆಯಲ್ಲಿ ನೆನೆದ ಬೆಲ್ಲದಚ್ಚಿನ ಹಾಗಿತ್ತು. ತಪ್ಪು ಸಾಫ್ಟ್‌ವೇರಿನದು ಅಂದುಕೊಂಡು ಒಂದು ತಿಂಗಳ ಚಂದಾ ಕಟ್ಟಿದೆ, ಅದೂ ದಂಡ. ಎರಡನೇ ಸಲ ಮೋಡ ಕವಿದ ದಿನ ಕಾದು ಹೋದೆ. ನೆರಳಿಲ್ಲದ್ದರಿಂದ ಆಕಾರ ಚೆನ್ನಾಗಿ ಬಂತು, ಆದರೆ ಕಣ್ಣಿಗೆ ಕಂಡಿದ್ದು ಬರೀ ಕಲ್ಲುಹೂವು. ನಮ್ಮ ಮಸಾಲೆಗೆ ಹಾಕುವ ಥರದ್ದೇ, ಬಿಳಿ, ಹಳದಿ ಮಚ್ಚೆ ಮಚ್ಚೆ. ಆಮೇಲೆ ಹೊಳೆಯಿತು, ಬಣ್ಣ ಯಾಕೆ ಬೇಕು? ಬಣ್ಣ ತೆಗೆದು ಬೂದು ಆಕಾರ ಮಾತ್ರ ಇಟ್ಟು, ಕಂಪ್ಯೂಟರಲ್ಲೇ ಪಕ್ಕದಿಂದ ಬೆಳಕು ಬಿಟ್ಟೆ. ಅರ್ಧ ಅಕ್ಷರ ಎದ್ದವು.

ಉಳಿದರ್ಧಕ್ಕೆ ನವೆಂಬರ್ ಕೊನೆಗೆ ಮತ್ತೆ ಹೋದೆ. ಅಲ್ಲಿ ಆಗ ಐದೂವರೆಗೆಲ್ಲ ಕತ್ತಲು, ಗಾಳಿಗೆ ಕೈ ಮರಗಟ್ಟುತ್ತಿತ್ತು. ಟ್ರೈಪಾಡಿನಲ್ಲಿ ಫೋನ್ ಅಲ್ಲಾಡದಂತೆ ಇಟ್ಟು, ಟಾರ್ಚನ್ನು ಕಲ್ಲಿಗೆ ಒರಗಿದಷ್ಟು ಓರೆಯಾಗಿ ಹಿಡಿದು, ಸುತ್ತ ಹನ್ನೆರಡು ಕಡೆಯಿಂದ ತೆಗೆದೆ. ಟಾರ್ಚಿನ ಬಾಯಿಗೆ ಒಂದು ವಸ್ತು ಕಟ್ಟಿದ್ದೆ, ಅದೇನು ಅಂತ ಹೇಳಲ್ಲ, ಅಡುಗೆಮನೆಯದ್ದು ಅಷ್ಟೇ. ಅಲ್ಲಿವರೆಗೆ ಬರೀ ಗೀರು ಅಂದುಕೊಂಡಿದ್ದದ್ದು ಕಣ್ಣೆದುರೇ ಅಕ್ಷರವಾಯಿತು. ಒಬ್ಬನೇ ಕೂಗಿಬಿಟ್ಟೆ, ಪಕ್ಕದಲ್ಲಿ ಹೋಗುತ್ತಿದ್ದ ಕಾರು ನಿಧಾನ ಮಾಡಿತು.

ನಡುವೆ ಮನೆ ಹಿತ್ತಲಿನ ಗ್ರಾನೈಟ್ ಚಪ್ಪಡಿಗೆ ನೀರು ಚಿಮುಕಿಸಿಯೂ ನೋಡಿದ್ದೆ. ಒದ್ದೆಯಾದರೆ ಹೊಳಪು ಬಂದು ಇನ್ನೂ ಕೆಡುತ್ತದೆ, ಆ ದಾರಿ ಬೇಡ.

ಮೂರು ಸಲದ ರೈಲು, ಟ್ಯಾಕ್ಸಿ, ಟಾರ್ಚು, ದಂಡದ ಚಂದಾ ಎಲ್ಲ ಸೇರಿ 400 ಪೌಂಡ್ ಹತ್ತಿರ, ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರದ ಮೇಲೆ. ಹೆಂಡತಿಗೆ ಹೇಳಿದ ಲೆಕ್ಕ ಬೇರೆ.

ಜನವರಿಯಲ್ಲಿ ಊರಿಗೆ ಬರುತ್ತೇನೆ. ಕೆರೆ ಏರಿಯ ಸವೆದ ವೀರಗಲ್ಲಿಗೆ ಇದೇ ಟಾರ್ಚು ಬಿಡುವ ಯೋಚನೆ. ಆ ಇಬ್ಬರೂ ರಾತ್ರಿ ಎಂಟಕ್ಕೆ ಏರಿ ಮೇಲೆ ಬಂದರೆ ಫೈಲ್ ಅಲ್ಲೇ ಕೊಡುತ್ತೇನೆ.