ಎರಡೂ ಕಡೆ 192.168.1.1: ನಾನು ಸಬ್‌ನೆಟ್ ಬದಲಿಸಿದ್ದು ಹೀಗೆ

ಮನೆಗೆ ಹೊಸ ರೂಟರ್, ಮೂರು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಸಾಧನ), ಅವನ್ನು ನೋಡಿಕೊಳ್ಳಲು ಒಂದು ಪುಟ್ಟ ಕಂಟ್ರೋಲರ್ ತಂದೆ. ವೈಫೈ ಬಂತು, ಇಂಟರ್ನೆಟ್ ಬರಲಿಲ್ಲ. ಇಡೀ ಸಂಜೆ ಕೇಬಲ್ ಬದಲಿಸಿದ್ದೇ ಆಯಿತು.

ಕಾರಣ ಸರಳ. ಫೈಬರ್ ಮೋಡೆಮ್‌ನ ವಿಳಾಸ 192.168.1.1, ಹೊಸ ರೂಟರ್‌ನದ್ದೂ ಅದೇ. ಎರಡೂ ಕಡೆ ಒಂದೇ ಸಬ್‌ನೆಟ್ (ಒಂದು ನೆಟ್‌ವರ್ಕ್‌ಗೆ ಸೇರಿದ ವಿಳಾಸಗಳ ಗುಂಪು) ಇದ್ದರೆ ಡೇಟಾ ಪ್ಯಾಕೆಟ್ ಯಾವ ಕಡೆಗೆ ಹೋಗಬೇಕೆಂದು ರೂಟರ್‌ಗೆ ಹೇಗೆ ತಿಳಿಯಬೇಕು, ಅಲ್ವಾ?

ಖಾಸಗಿ ಬಳಕೆಗೆಂದೇ 10, 172.16ರಿಂದ 172.31, 192.168 ಎಂದು ಶುರುವಾಗುವ ಮೂರು ವಿಳಾಸ ಗುಂಪುಗಳಿವೆ. ನಾನು 10.20.30.0/24, ಅಂದರೆ 10.20.30.1ರಿಂದ 10.20.30.254ರವರೆಗಿನ ಗುಂಪು, ಆರಿಸಿಕೊಂಡೆ. ಮನೆಗೆ 254 ವಿಳಾಸ ಬೇಕಾದಷ್ಟಾಯಿತು.

ಎಡವಿದ್ದು ಇಲ್ಲಿ. ರೂಟರ್‌ನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಳಾಸ ಮೊದಲು ಬದಲಿಸಿಬಿಟ್ಟೆ. ಕಂಟ್ರೋಲರ್‌ಗೆ 192.168.1.10 ಎಂದು ಕೈಯಾರೆ ಕೊಟ್ಟಿದ್ದೆ, ಅದು ಹಳೆಯ ಸಬ್‌ನೆಟ್‌ನಲ್ಲೇ ಉಳಿಯಿತು. ಆಕ್ಸೆಸ್ ಪಾಯಿಂಟ್‌ಗಳು ಡಿಎಚ್‌ಸಿಪಿಯಿಂದ (ರೂಟರ್ ತಾನೇ ವಿಳಾಸ ಹಂಚುವ ವ್ಯವಸ್ಥೆ) ಹೊಸ ವಿಳಾಸ ಪಡೆದರೂ ಕಂಟ್ರೋಲರನ್ನು ಹಳೆಯ ಜಾಗದಲ್ಲೇ ಹುಡುಕುತ್ತಿದ್ದವು. ಮೂರೂ ಆಫ್‌ಲೈನ್.

ಲ್ಯಾಪ್‌ಟಾಪ್‌ಗೆ ತಾತ್ಕಾಲಿಕವಾಗಿ 192.168.1.50 ಕೊಟ್ಟು, ಕೇಬಲ್ ಹಾಕಿ ಕಂಟ್ರೋಲರ್ ಒಳಗೆ ಹೋದೆ. ಅದನ್ನು ಡಿಎಚ್‌ಸಿಪಿಗೆ ಬದಲಿಸಿ, ರೂಟರ್‌ನಲ್ಲಿ 10.20.30.10 ಅನ್ನು ಅದಕ್ಕೇ ಮೀಸಲಿಟ್ಟೆ. ಆಮೇಲೆ ಒಂದೊಂದು ಆಕ್ಸೆಸ್ ಪಾಯಿಂಟ್‌ಗೂ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಸಾಧನದೊಳಗೆ ಹೋಗಿ ಆಜ್ಞೆ ಕೊಡುವ ವಿಧಾನ) ಮೂಲಕ ಹೋಗಿ ಕಂಟ್ರೋಲರ್‌ನ ಹೊಸ ವಿಳಾಸ ಕೊಟ್ಟೆ. ಒಂದೆರಡು ನಿಮಿಷದಲ್ಲಿ ಮೂರೂ ಹಸಿರಾದವು. ತುಂಬಾ ಖುಷಿಯಾಯಿತು!

ನೀವು ಮಾಡುವುದಾದರೆ ಕಂಟ್ರೋಲರನ್ನು ಮೊದಲು ಡಿಎಚ್‌ಸಿಪಿಗೆ ಹಾಕಿ, ಬ್ಯಾಕಪ್ ತೆಗೆದಿಟ್ಟುಕೊಂಡು, ಆಮೇಲಷ್ಟೇ ರೂಟರ್ ಮುಟ್ಟಿ. ಪ್ರಿಂಟರ್‌ಗೆ ಹಳೆಯ ವಿಳಾಸ ಕೈಯಾರೆ ಕೊಟ್ಟಿದ್ದರೆ ಅದನ್ನೂ ಬದಲಿಸಬೇಕು. ನನಗೆ ಅದು ಮರುದಿನ ನೆನಪಾಯಿತು.