ಮನೆಯಿಂದಲೇ ಡಾಕ್ಟರಿಗೆ ವಿಡಿಯೋ ಕಾಲ್: 5ಜಿ ಇದ್ದರೂ ಮೊದಲು ಇಷ್ಟು ನೋಡಿಕೊಳ್ಳಿ

ಸರ್ಕಾರದ ಇ-ಸಂಜೀವನಿಯಂಥ ಆನ್‌ಲೈನ್ ವೈದ್ಯ ಸೇವೆಯಲ್ಲಿ ಡಾಕ್ಟರು ಈಗ ರೋಗಿಯ ಉಸಿರಾಟದ ಏರಿಳಿತ, ಕಾಲಿನ ಊತ ನೋಡಿ ಮಾತಾಡಬಹುದು. ಆದರೆ ಫೋನಿನ ಮೇಲೆ 5ಜಿ ಅಂತ ಕಂಡ ಮಾತ್ರಕ್ಕೆ ಚಿತ್ರ ಚೆನ್ನಾಗಿ ಹೋಗುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಚಿತ್ರ ಅವರಿಗೆ ಮುಟ್ಟುವುದು ಅಪ್‌ಲೋಡ್ ವೇಗದ ಮೇಲೆ. ಸ್ಪೀಡ್ ಟೆಸ್ಟನ್ನು ಮೂರು ಸಲ ಮಾಡಿ. ಪ್ರತಿ ಸಲ ಅಪ್‌ಲೋಡ್ 2 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ದಾಟಿದರೆ ಸಾಕು. ಒಮ್ಮೆ 8, ಇನ್ನೊಮ್ಮೆ ಬರೀ ಅರ್ಧ ಎಂಬಿಪಿಎಸ್ ಬಂದರೆ ಆ ಜಾಗ ಬೇಡ.

3.5 ಗಿಗಾಹರ್ಟ್ಸ್ ಸುತ್ತಮುತ್ತಲಿನ 5ಜಿ ಸಿಗ್ನಲ್ ದಪ್ಪ ಗೋಡೆ ದಾಟುವಾಗ ಬಹಳ ಸೊರಗುತ್ತದೆ. ನಡುಮನೆಯಲ್ಲಿ ಫೋನು 5ಜಿಗೂ 4ಜಿಗೂ ಹಾರಾಡುತ್ತ ಮಾತು ತುಂಡು ತುಂಡಾಗುವುದು ಇದರಿಂದಲೇ. ಜಗಲಿಗೋ ಕಿಟಕಿ ಪಕ್ಕಕ್ಕೋ ಬನ್ನಿ. ಅಲ್ಲೂ ಹಾಗೇ ಆದರೆ ಸೆಟ್ಟಿಂಗ್ಸ್‌ನ ಮೊಬೈಲ್ ನೆಟ್‌ವರ್ಕ್‌ನಲ್ಲಿ 4ಜಿ ಆಯ್ದುಕೊಳ್ಳಿ. ಈ ಕೆಲಸಕ್ಕೆ ಅಷ್ಟು ಧಾರಾಳ ಸಾಕು. ಕಿಟಕಿ ರೋಗಿಯ ಬೆನ್ನಿಗಿರಬಾರದು, ಮುಖ ಕಪ್ಪಾಗುತ್ತದೆ. ಬೆಳಕಿಗೆ ಎದುರಾಗಿ ಕೂರಿಸಿ. ಸೇವೆಗೆ ಲಾಗಿನ್ ಆಗಲು ಓಟಿಪಿ ಬರುವ ಸಿಮ್ ಮನೆಯಲ್ಲೇ ಇರಲಿ.

ಬಿಪಿ ನೋಡುವ ಮುಂಚೆ ಅರ್ಧ ಗಂಟೆ ಕಾಫಿ, ಟೀ ಬೇಡ. 5 ನಿಮಿಷ ಬೆನ್ನು ಆನಿಸಿ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡಿ. ಆಕ್ಸಿಮೀಟರ್ ಹಾಕುವ ಬೆರಳು ಬೆಚ್ಚಗಿರಬೇಕು, ಉಗುರಿಗೆ ಬಣ್ಣ ಇರಬಾರದು.

ಕಾಲು ಊದಿದ್ದರೆ ಹಿಂದಿನ ಕ್ಯಾಮೆರಾದಲ್ಲಿ ತೋರಿಸಿ: ಕಣಕಾಲಿನ ಮೇಲೆ ಹೆಬ್ಬೆರಳಿನಿಂದ 5 ಸೆಕೆಂಡು ಒತ್ತಿ ಬಿಡಿ, ಗುಳಿ ಉಳಿಯುತ್ತದೆಯೇ ಡಾಕ್ಟರು ನೋಡಲಿ. ಚರ್ಮದ ಗುಳ್ಳೆ, ಕಲೆಗೆ ಮಾತ್ರ ವಿಡಿಯೋ ನೆಚ್ಚಬೇಡಿ. ನೆಟ್‌ವರ್ಕ್ ಎಷ್ಟೇ ಚುರುಕಾಗಿರಲಿ, ವಿಡಿಯೋದ ಡೇಟಾ ಕುಗ್ಗಿಸಿಯೇ ಕಳಿಸುವುದರಿಂದ ಸಣ್ಣ ಗುರುತು ಅಳಿಸುತ್ತದೆ. ಹಗಲು ಬೆಳಕಿನಲ್ಲಿ, ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯ ಇಟ್ಟು ಫೋಟೋ ತೆಗೆದು ಕಳಿಸಿ.

ನಡುವೆ ವಿಡಿಯೋ ಕಡಿದು ಬರೀ ಧ್ವನಿ ಉಳಿದರೆ ಡಾಕ್ಟರು ಕೆಲವು ಔಷಧಿ ಬರೆಯದೇ ಇರಬಹುದು. ಅದು ಅವರ ಹಟವಲ್ಲ. 2020ರ ಮಾರ್ಚಿನ ಟೆಲಿಮೆಡಿಸಿನ್ (ದೂರದಿಂದಲೇ ಚಿಕಿತ್ಸೆ) ಮಾರ್ಗಸೂಚಿ ಪ್ರಕಾರ ಕೆಲವು ಔಷಧಿಯನ್ನು ಮೊದಲ ಸಲ ವಿಡಿಯೋದಲ್ಲಿ ನೋಡಿಯೇ ಬರೆಯಬೇಕು. ಕಾಲ್ ಕಡಿದು ಮತ್ತೆ ಮಾಡಿ, ವಿಡಿಯೋ ಬಂದ ಮೇಲೆ ಮುಂದುವರಿಸಿ.

ಎದೆನೋವು, ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಏದುಸಿರು: ಇವಕ್ಕೆ ವಿಡಿಯೋ ಕಾಲ್ ಬೇಡವೇ ಬೇಡ, ನೇರ 108ಕ್ಕೆ ಫೋನ್ ಮಾಡಿ.