ಹೊರದೇಶಕ್ಕೆ ಸೇವೆಗೆ ಹೊರಟಿದ್ದೀರಾ? ಹೀಗೆ ತಯಾರಾಗಿ

ನಮ್ಮ ಸಭೆಯಿಂದ, ಅಂದರೆ ನಮ್ಮ ಚರ್ಚಿನಿಂದ, ನಾವು ಏಳು ಜನ ಕೆನ್ಯಾಗೆ ಸೇವೆಗೆ ಹೋಗಿ ಬಂದ ಮೇಲೆ ಹುಬ್ಬಳ್ಳಿ, ಧಾರವಾಡ, ಗದಗದ ಯುವಜನ ಸಂಘದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಅಕ್ಕಾ, ನಾವೂ ಹೋಗ್ಬೇಕು, ಏನೇನ್ ಮಾಡ್ಬೇಕು ಹೇಳ್ರಿ." ಪಾಸ್‌ಪೋರ್ಟ್ ಬಗ್ಗೆ ಕೇಳುತ್ತಾರೆ, ಟಿಕೆಟ್ ಬಗ್ಗೆ ಕೇಳುತ್ತಾರೆ, ಖರ್ಚು ಎಷ್ಟಾಯ್ತು ಅಂತ ಕೇಳುತ್ತಾರೆ. ಹೋಗಿ ಬಂದರೆ ನಮ್ಮೊಳಗೆ ಏನು ಬದಲಾಗುತ್ತದೆ, ಅದಕ್ಕೆ ಹೇಗೆ ತಯಾರಾಗಬೇಕು ಅಂತ ಕೇಳಿದವರು ಕಡಿಮೆ. ಎರಡನ್ನೂ ಇಲ್ಲಿ ಬರೆಯುತ್ತೇನೆ.

ಕೊಡೋಕೆ ಹೊರಟಿದ್ದೇವೆ ಅನ್ನೋ ಯೋಚನೆ ಇದ್ದರೆ ಅದನ್ನು ಮನೆಯಲ್ಲೇ ಇಳಿಸಿ ಹೋಗಿ. ಎರಡು ವಾರದಲ್ಲಿ ನೀವು ಯಾರ ಊರನ್ನೂ ಉದ್ಧಾರ ಮಾಡಲು ಆಗುವುದಿಲ್ಲ. ಅಲ್ಲಿ ನೀವು ಅತಿಥಿ, ಅಷ್ಟೇ. ಅತಿಥಿಯಾಗಿ ಇರುವುದು ಕಷ್ಟದ ಕೆಲಸ. ನನಗೆ ಅದನ್ನು ಕಲಿಯೋಕೆ ಹತ್ತು ದಿನ ಬೇಕಾಯಿತು.

ನಮ್ಮ ಕಡೆಯವರಿಗಂತೂ ಇದು ಬೇಗ ಅರ್ಥ ಆಗಬೇಕು. ಯಾಕೆಂದರೆ ಮಿಷನ್ ಅನ್ನುವುದು ನಮ್ಮ ಮನೆಬಾಗಿಲಿಗೆ ಬಂದದ್ದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಅದೇ ಮಿಷನ್ನಿಂದ 1853ರಲ್ಲಿ ಬಂದ ಕಿಟೆಲ್ ಅವರು ಧಾರವಾಡದ ಸುತ್ತಮುತ್ತ ನಡೆದಾಡುತ್ತಾ ಜನರ ಬಾಯಿಂದ ಕನ್ನಡ ಕಲಿತರು, ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ, ಅಂದರೆ 41 ವರ್ಷ ಆದ ಮೇಲೆ. ಅದರಲ್ಲಿ ಸುಮಾರು 70,000 ಪದಗಳಿವೆ. ಕಲಿಸೋಕೆ ಅಂತ ಬಂದವರು ನಮ್ಮ ಜನರ ಮುಂದೆ ವಿದ್ಯಾರ್ಥಿಯ ಹಾಗೆ ಕೂತರು. ಅವರ ಬಗ್ಗೆ ಇವತ್ತಿಗೂ ನಮ್ಮವರು ಪ್ರೀತಿಯಿಂದ ಮಾತಾಡುವುದು ಇದೇ ಕಾರಣಕ್ಕೆ. ನಿಮಗೆ 41 ವರ್ಷ ಇಲ್ಲ, ಸರಿ. ಆದರೆ ಹೊರಡುವ ಮುಂಚೆ ಒಂದು ತಿಂಗಳಾದರೂ ಇರುತ್ತದೆ ಅಲ್ವಾ? ಅಷ್ಟರಲ್ಲಿ ಆ ದೇಶದ ಭಾಷೆಯ ಇಪ್ಪತ್ತು ಮಾತು ಕಲಿಯಿರಿ. ನಮಸ್ಕಾರ, ನೀರು, ಊಟ ಚೆನ್ನಾಗಿದೆ, ನಿಮ್ಮ ಹೆಸರೇನು, ನನಗೆ ಗೊತ್ತಾಗಲಿಲ್ಲ. ಸ್ವಾಹಿಲಿಯಲ್ಲಿ "ಪೋಲೆ" ಅಂತ ಒಂದು ಮಾತಿದೆ. ಯಾರಾದರೂ ಎಡವಿದರೂ ಹೇಳುತ್ತಾರೆ, ಯಾರ ಮನೆಯಲ್ಲಾದರೂ ಸಾವಾದರೂ ಹೇಳುತ್ತಾರೆ. ತಪ್ಪು ನಿಮ್ಮದಲ್ಲದಿದ್ದರೂ ನಿಮ್ಮ ನೋವು ನನಗೆ ಗೊತ್ತಾಯಿತು ಅನ್ನುವ ಅರ್ಥ. ಆ ಒಂದು ಮಾತು ನಮಗೆ ಅಲ್ಲಿ ದಿನಾ ಬೇಕಾಯಿತು.

ಈಗ ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆ. ನೀವು ದೇಶ ಆರಿಸಬೇಡಿ, ಯಾರು ಕರೆಯುತ್ತಾರೋ ಅಲ್ಲಿಗೆ ಹೋಗಿ. ಅಲ್ಲಿಯ ಸ್ಥಳೀಯ ಸಭೆಯಿಂದ ಪತ್ರ ಬರಲಿ. ನಿಮ್ಮ ಸಭಾಪಾಲಕರು ಅಲ್ಲಿಯ ಸಭಾಪಾಲಕರ ಜೊತೆ ಫೋನಿನಲ್ಲಿ ಎರಡು ಮೂರು ಸಲ ಮಾತಾಡಲಿ. ನೀವು ಸಿಎಸ್ಐ (ದಕ್ಷಿಣ ಭಾರತ ಸಭೆ) ಸಭೆಯವರಾದರೆ ದಾರಿ ಸುಲಭ, ಸಿಎಸ್ಐ ಕೂಡ ಇಂಗ್ಲೆಂಡಿನ ಸಭೆಯ ಜೊತೆ ನಂಟಿರುವ ಆಂಗ್ಲಿಕನ್ ಬಳಗಕ್ಕೆ ಸೇರಿದ್ದರಿಂದ ಎಷ್ಟೋ ದೇಶಗಳ ಸಭೆಗಳ ಜೊತೆ ನಂಟು ಆಗಲೇ ಇರುತ್ತದೆ. ನಿಮ್ಮನ್ನು ಕರೆದ ಸಭೆಯವರನ್ನು ಮೂರು ವಿಷಯ ಕೇಳಿ: ನಾವು ಬಂದು ಮಾಡಬೇಕಾದ ಕೆಲಸ ಯಾವುದು, ಈಗ ಅದನ್ನು ಯಾರು ಮಾಡುತ್ತಿದ್ದಾರೆ, ನಾವು ವಾಪಸ್ ಹೋದ ಮೇಲೆ ಯಾರು ಮಾಡುತ್ತಾರೆ. ಎರಡನೇ ಪ್ರಶ್ನೆ ಬಿಡಲೇಬೇಡಿ. ಊರಲ್ಲಿ ಬಣ್ಣ ಬಳಿಯುವವನು ಕೆಲಸ ಇಲ್ಲದೆ ಕೂತಿರುವಾಗ, ವಿಮಾನ ಹತ್ತಿ ಹೋದ ನಾವು ಶಾಲೆಯ ಗೋಡೆಗೆ ಬಣ್ಣ ಹೊಡೆದರೆ ಅದು ಯಾವ ಸೇವೆ?

ಅನಾಥಾಶ್ರಮದ ಮಕ್ಕಳ ಜೊತೆ ಒಂದು ವಾರ ಇರುವ ಕಾರ್ಯಕ್ರಮ ಇದ್ದರೆ ಬೇಡ ಅನ್ನಿ. ಎಷ್ಟೋ ದೇಶಗಳಲ್ಲಿ ಅಂಥ ಕಡೆ ಇರುವ ಬಹಳಷ್ಟು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ, ಬಡತನಕ್ಕೆ ಅಲ್ಲಿ ಬಿಟ್ಟಿರುತ್ತಾರೆ. ಹೊರಗಿನವರು ಬರುತ್ತಾ ಕಾಣಿಕೆ ಕೊಡುತ್ತಾ ಇದ್ದಷ್ಟೂ ಮಕ್ಕಳನ್ನು ಮನೆಗೆ ಕಳಿಸಬೇಕು ಅನ್ನುವ ಯೋಚನೆ ಹಿಂದೆ ಬೀಳುತ್ತದೆ. ಇನ್ನು ಒಂದು ವಾರ ಎತ್ತಿ ಮುದ್ದಾಡಿ ಬಿಟ್ಟು ಬಂದರೆ ಆ ಮಗುವಿಗೆ ಮತ್ತೊಬ್ಬರು ಬಿಟ್ಟು ಹೋದ ಹಾಗೆ.

ಹತ್ತಿರದ ನೇಪಾಳಕ್ಕೆ ಹೋಗೋಣ ಅನ್ನುವವರು ಜಾಸ್ತಿ. ಭಾರತೀಯರಿಗೆ ವೀಸಾ ಬೇಡ, ಖರ್ಚೂ ಕಡಿಮೆ. ಆದರೆ ಅಲ್ಲಿ ಮತಾಂತರ ಮಾಡಿಸುವುದು ಅಪರಾಧ, 5 ವರ್ಷದವರೆಗೆ ಜೈಲು ಶಿಕ್ಷೆ ಇದೆ. ನಿಮ್ಮನ್ನು ಗಡಿ ದಾಟಿಸಿ ಕಳಿಸಬಹುದು, ನಿಮ್ಮನ್ನು ಕರೆದ ಸಭೆಯವರು ಅಲ್ಲೇ ಉಳಿದು ಕೇಸು ಎದುರಿಸಬೇಕು. ಯಾವ ದೇಶವಾದರೂ ಅಲ್ಲಿಯ ಕಾನೂನು ಏನು ಅನ್ನುತ್ತದೆ ಅಂತ ಅಲ್ಲಿಯ ಸಭೆಯವರನ್ನೇ ಕೇಳಿ, ಅವರು ಬೇಡ ಅಂದದ್ದನ್ನು ಮಾಡಬೇಡಿ.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ, ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆಧಾರ್, ಮಾರ್ಕ್ಸ್ ಕಾರ್ಡು, ದೀಕ್ಷಾಸ್ನಾನದ ಸರ್ಟಿಫಿಕೇಟು, ಎಲ್ಲದರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿಕೊಳ್ಳಿ, ನಮ್ಮಲ್ಲಿ ಹೆಚ್ಚು ತಡ ಆಗುವುದು ಇದರಿಂದಲೇ. ವಾಪಸ್ ಬರುವ ದಿನದ ಆಚೆಗೂ ಪಾಸ್‌ಪೋರ್ಟಿಗೆ 6 ತಿಂಗಳ ಅವಧಿ ಇರಲಿ. ಕೆನ್ಯಾಗೆ 2024ರಿಂದ ವೀಸಾ ಬದಲು ಇಟಿಎ ಅನ್ನುವ ಆನ್‌ಲೈನ್ ಅನುಮತಿ ಬೇಕು. ಅದರಲ್ಲಿ ಹೋಗುವ ಕಾರಣ ಕೇಳುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಸುವಾರ್ತೆಯ ಹೆಸರಲ್ಲಿ ಹೊರಟು ಮೊದಲ ಕಾಗದದಲ್ಲೇ ಸುಳ್ಳು ಬರೆಯಬಾರದು. ಹಳದಿ ಜ್ವರದ ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಬೇಕು, ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಲಸಿಕೆ ಹಾಕಿಸಿದ ಕಾರ್ಡು ಇಲ್ಲದೆ ಹಳದಿ ಜ್ವರ ಇರುವ ಆಫ್ರಿಕಾದ ದೇಶಗಳಿಂದ ವಾಪಸ್ ಬಂದರೆ ಇಲ್ಲಿ ನಿಮ್ಮನ್ನು 6 ದಿನದವರೆಗೆ ಬೇರೆ ಇಡಬಹುದು. ಮಲೇರಿಯಾ ಮಾತ್ರೆಯನ್ನು ಡಾಕ್ಟರ್ ಕೇಳಿಯೇ ತಗೊಳ್ಳಿ.

ದುಡ್ಡಿನ ವಿಷಯದಲ್ಲಿ ಎರಡು ಮಾತು. ಒಂದು, ಅರ್ಧ ಖರ್ಚಾದರೂ ನಿಮ್ಮ ಕೈಯಿಂದಲೇ ಇರಲಿ, ಸಭೆಯವರು ಕೊಟ್ಟ ಪ್ರತಿ ರೂಪಾಯಿಗೂ ಲೆಕ್ಕ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ನಮ್ಮ ತಂಡಕ್ಕೆ ಸ್ತ್ರೀ ಸಂಘದ ಅಮ್ಮಂದಿರು ಶೇಂಗಾ ಹೋಳಿಗೆ ಮಾಡಿ ಮಾರಿ ದುಡ್ಡು ಕೂಡಿಸಿ ಕೊಟ್ಟರು, ಆ ದುಡ್ಡು ಕೈಗೆ ಬಂದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಎರಡು, ಅಲ್ಲಿಯವರಿಗೆ ದುಡ್ಡು ಕಳಿಸುತ್ತೇವೆ ಅಂತ ಮಾತು ಕೊಡಬೇಡಿ, ಅಲ್ಲಿ ಸಿಕ್ಕ ವಿದೇಶಿಯರಿಂದ ನಮ್ಮ ಸಭೆಗೆ ಅಂತ ದುಡ್ಡು ತರಲೂಬೇಡಿ. ಹೊರಗಿನ ದೇಣಿಗೆಗೆ ಎಫ್‌ಸಿಆರ್‌ಎ ಕಾನೂನು ಇದೆ, ನೋಂದಣಿ ಇಲ್ಲದೆ ತಗೊಂಡರೆ ತೊಂದರೆ ಸಭೆಗೆ.

ಬ್ಯಾಗಿನಲ್ಲಿ ಬಟ್ಟೆ ಕಡಿಮೆ ಇರಲಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ, ಆದರೆ ನೀವೇ ಮೂಲೆಯಲ್ಲಿ ಕೂತು ತಿನ್ನೋಕಲ್ಲ, ಅವರ ತಟ್ಟೆಗೆ ಹಾಕೋಕೆ. ಯೇಸು ತನ್ನ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಚೀಲ ಒಯ್ಯಬೇಡಿ, ಅವರು ಬಡಿಸಿದ್ದನ್ನು ಊಟ ಮಾಡಿ ಅಂದ ಮಾತನ್ನು ನಾನು ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಕಲಿಸಿದ್ದೇನೋ. ಅದರ ಅರ್ಥ ಗೊತ್ತಾದದ್ದು ಕಿಸುಮು ಊರಿನ ಆಚೆ, ತಗಡಿನ ಚಾವಣಿಯ ಒಂದು ಮನೆಯಲ್ಲಿ. ಊಟಕ್ಕೆ ಮುಂಚೆ ಆ ಮನೆಯ ಅಜ್ಜಿ ಒಂದು ಕೈಯಲ್ಲಿ ಜಗ್ಗು, ಇನ್ನೊಂದು ಕೈಯಲ್ಲಿ ಬೋಗುಣಿ ಹಿಡಿದು ಒಬ್ಬೊಬ್ಬರ ಮುಂದೆ ಬಂದು ಕೈಗೆ ನೀರು ಹಾಕುತ್ತಿದ್ದರು. ವಯಸ್ಸಾದವರು, ಸೊಂಟ ಬಾಗಿತ್ತು. ನಾನು ಎದ್ದು ಜಗ್ಗು ತಗೊಳ್ಳೋಕೆ ಹೋದೆ. ಅವರು ಕೊಡಲಿಲ್ಲ. ಮತ್ತೆ ಕೈ ಚಾಚಿದೆ. ಅವರು ನನ್ನ ಭುಜ ಒತ್ತಿ ಕೂರಿಸಿದರು. ನೀರು ಬೆಚ್ಚಗಿತ್ತು. ನಮಗಾಗಿ ಸೌದೆ ಒಲೆಯಲ್ಲಿ ಕಾಯಿಸಿದ್ದು, ಹೊಗೆಯ ವಾಸನೆ ಇತ್ತು. ಆ ನೀರನ್ನು ದೂರದ ಹೊಳೆಯಿಂದ ಹೊತ್ತು ತಂದದ್ದು ಅಂತ ಬೆಳಿಗ್ಗೆ ನೋಡಿದ್ದೆ. ಕೈ ಚಾಚಿ ಸುಮ್ನೆ ಕೂರುವುದು ನನಗೆ ಅಷ್ಟು ಕಷ್ಟ ಯಾಕಾಯಿತು ಅಂತ ಅವತ್ತು ರಾತ್ರಿ ಯೋಚಿಸಿದೆ. ಕೊಡುವವಳಾಗಿ ಇದ್ದಾಗ ನಾನು ಮೇಲೆ ಇರುತ್ತಿದ್ದೆ, ಅದು ನನಗೆ ಇಷ್ಟವಾಗಿತ್ತು. ನೀವು ಹೋದಾಗ ಯಾರಾದರೂ ಹೀಗೆ ನೀರು ಹಾಕಿದರೆ ಕೈ ಚಾಚಿ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಬಡಿಸಿದರೆ ನಮ್ಮ ಮುದ್ದೆಯ ಹಾಗೆ ಕೈಯಲ್ಲೇ ಮುರಿದು ತಿನ್ನಿ, ಚಮಚ ಕೇಳಬೇಡಿ.

ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ, ನೀವು ಮಾಡದಿರಲಿ ಅಂತ. ಮೊದಲ ಭಾನುವಾರ ಮಕ್ಕಳಿಗೆ ಪಾಠ ನಾನೇ ಮಾಡಿದೆ. ಇಲ್ಲಿಂದಲೇ ಚಿತ್ರ ಬರೆದು ತಗೊಂಡು ಹೋಗಿದ್ದೆ, ಮಕ್ಕಳು ನಕ್ಕರು, ಕುಣಿದರು, ಎಲ್ಲರೂ ಫೋಟೋ ತೆಗೆದರು. ಪ್ರತಿ ವಾರ ಆ ಮಕ್ಕಳಿಗೆ ಕಲಿಸುವ ಟೀಚರಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಮಡಿಲಲ್ಲಿ ಅವತ್ತಿನ ಪಾಠದ ನೋಟ್‌ಬುಕ್ಕು ಮುಚ್ಚಿಕೊಂಡೇ ಇತ್ತು. ಅದನ್ನು ನಾನು ಗಮನಿಸಿದ್ದು ಫೋಟೋದಲ್ಲಿ, ಎರಡು ದಿನ ಆದ ಮೇಲೆ. ಹೋಗಿ ಕ್ಷಮೆ ಕೇಳಿದೆ. ಎರಡನೇ ಭಾನುವಾರ ಅವರು ಪಾಠ ಮಾಡಿದರು, ನಾನು ಮಕ್ಕಳ ಜೊತೆ ನೆಲದ ಮೇಲೆ ಕೂತೆ. ಒಂದೇ ಒಂದು ಸೀಮೆಸುಣ್ಣದ ತುಂಡಿನಿಂದ ಅರವತ್ತು ಮಕ್ಕಳನ್ನು ಒಂದು ಗಂಟೆ ಹಿಡಿದಿಟ್ಟರು. ನಾನು ಹದಿನಾಲ್ಕು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ, ಅವತ್ತು ಕಲಿತಷ್ಟು ಯಾವ ತರಬೇತಿಯಲ್ಲೂ ಕಲಿತಿಲ್ಲ. ಹಾಗಾಗಿ ನಿಮಗೆ ಮೈಕ್ ಕೊಟ್ಟರೆ ಮೊದಲು ಸುತ್ತ ನೋಡಿ, ಇವತ್ತು ಇದು ಯಾರ ಕೈಯಲ್ಲಿ ಇರಬೇಕಿತ್ತು ಅಂತ. ಮಕ್ಕಳ ಫೋಟೋವನ್ನು ಅವರ ತಂದೆ ತಾಯಿಯನ್ನು ಕೇಳದೆ ಸ್ಟೇಟಸ್‌ಗೆ ಹಾಕಬೇಡಿ, ನಿಮ್ಮ ಮಗಳ ಫೋಟೋವನ್ನು ಯಾರೋ ಹಾಗೆ ಹಾಕಿದರೆ ಹೇಗಿರುತ್ತೆ ಯೋಚಿಸಿ.

ದಿನಾ ರಾತ್ರಿ ಹದಿನೈದು ನಿಮಿಷ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇವತ್ತು ಯಾರಿಂದ ಏನು ಪಡೆದೆ, ಯಾವಾಗ ಸಿಟ್ಟು ಬಂತು, ಯಾವಾಗ ನಾನೇ ದೊಡ್ಡವಳು ಅನ್ನಿಸಿತು. ನಾಲ್ಕೈದನೇ ದಿನ ತಂಡದೊಳಗೆ ಜಗಳ ಬಂದೇ ಬರುತ್ತದೆ. ನಿದ್ದೆ ಕಡಿಮೆ, ಸ್ನಾನಕ್ಕೆ ನೀರು ಕಡಿಮೆ, ಮನೆಯ ನೆನಪು ಜಾಸ್ತಿ. ಅವತ್ತೇ ರಾತ್ರಿ ಎಲ್ಲರೂ ಕೂತು ಮಾತಾಡಿ ಪ್ರಾರ್ಥನೆ ಮಾಡಿ ಮಲಗಿ. ನಮ್ಮಲ್ಲಿ ಇಬ್ಬರು ಆರು ವರ್ಷದಿಂದ ಮಾತು ಬಿಟ್ಟಿದ್ದವರು ಅಲ್ಲಿ ಒಂದೇ ಸೊಳ್ಳೆ ಪರದೆಯೊಳಗೆ ಮಲಗಬೇಕಾಗಿ ಬಂದು ಮತ್ತೆ ಮಾತಾಡಿದರು.

ವಾಪಸ್ ಬಂದ ಮೊದಲ ಭಾನುವಾರ ಸಾಕ್ಷಿ ಹೇಳಿ, ಅಂದರೆ ಸಭೆಯ ಮುಂದೆ ನಿಂತು ನಿಮ್ಮ ಅನುಭವ ಹೇಳಿ ಅನ್ನುತ್ತಾರೆ. ಸಾಧ್ಯವಾದರೆ ಒಂದು ತಿಂಗಳು ತಡೆಯಿರಿ. ಬಂದ ಕೂಡಲೇ ಹೇಳಿದರೆ ಅಲ್ಲಿಯ ಬಡತನದ ಕಥೆಯೇ ಬಾಯಿಗೆ ಬರುತ್ತದೆ, ಅವರ ಮುಂದೆ ಹೇಳೋಕೆ ನಾಚಿಕೆ ಆಗುವ ಮಾತನ್ನು ಅವರ ಹಿಂದೆಯೂ ಹೇಳಬಾರದು. ಆ ತಿಂಗಳಲ್ಲಿ ನಿಮ್ಮ ಊರಿನಲ್ಲೇ ಭಾಷೆ ಬಾರದೆ ಒದ್ದಾಡುವವರು ಯಾರಿದ್ದಾರೆ ಹುಡುಕಿ. ನಾವು ಹುಬ್ಬಳ್ಳಿ ಹತ್ತಿರದ ತಾರಿಹಾಳದ ಕಾರ್ಖಾನೆಗಳ ಕಡೆ ಹೋದೆವು, ಒಡಿಶಾದಿಂದ ಕೆಲಸಕ್ಕೆ ಬಂದ ಹುಡುಗರ ಹತ್ತಿರ ಒಡಿಯಾದ ಇಪ್ಪತ್ತು ಮಾತು ಕಲಿತೆವು. ಅವರಲ್ಲಿ ಒಬ್ಬನಿಗೆ ಜ್ವರ ಬಂದಾಗ ದವಾಖಾನೆಗೆ ಜೊತೆಯಲ್ಲಿ ಹೋಗಿ ಚೀಟಿ ಮಾಡಿಸಲು ಆ ಇಪ್ಪತ್ತು ಮಾತು ಸಾಕಾದವು.

ಅಲ್ಲಿಯವರ ಜೊತೆ ಮಾತು ನಿಲ್ಲಿಸಬೇಡಿ. ಕೆನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮ ಆರಾಧನೆ ಮುಗಿದು ಹನ್ನೊಂದೂವರೆಗೆ ಚಹಾ ಕುಡಿಯುವಾಗ ಅಲ್ಲಿ ಒಂಬತ್ತು ಗಂಟೆ, ಟೀಚರಮ್ಮನ ಕ್ಲಾಸು ಶುರುವಾಗುವ ಹೊತ್ತು. ನಾನು ವಾಟ್ಸಾಪ್‌ನಲ್ಲಿ ಇವತ್ತು ಯಾವ ಪಾಠ ಅಂತ ಕೇಳುತ್ತೇನೆ, ಮುಂದಿನ ವಾರ ಅದನ್ನೇ ಇಲ್ಲಿ ನಮ್ಮ ಮಕ್ಕಳಿಗೆ ಮಾಡುತ್ತೇನೆ.